ಉಪಕಾರಿ ಬ್ಯಾಕ್ಟೀರಿಯಾಗಳಿಗೊಂದು ರಕ್ಷಾಕವಚ

ಮಗುವಿಗೆ ಗಂಟಲು ನೋವು, ಜ್ವರ. ವೈದ್ಯರು ಐದು ದಿನಕ್ಕೆ ಆಂಟಿಬಯಾಟಿಕ್ ಬರೆದುಕೊಟ್ಟರು. ಮೂರನೆಯ ದಿನಕ್ಕೆ ಜ್ವರವೇನೋ ಇಳಿಯಿತು, ಆದರೆ ಭೇದಿ ಶುರುವಾಯಿತು. ಮತ್ತೆ ವೈದ್ಯರ ಬಳಿ ಹೋದಾಗ ಚೀಟಿಯಲ್ಲಿ ಇನ್ನೊಂದು ಹೆಸರು ಸೇರಿತು. ದಿನಕ್ಕೆ ಎರಡು ಬಾರಿ ಕೊಡಬೇಕಾದ ಒಂದು ಪುಟ್ಟ ಪುಡಿಯ ಪೊಟ್ಟಣ. ‘ಹೊಟ್ಟೆಗೆ ಒಳ್ಳೆಯ ಬ್ಯಾಕ್ಟೀರಿಯಾ, ಕೊಡಿ’ ಎಂದರು ವೈದ್ಯರು. ಮನೆಗೆ ಬಂದ ತಾಯಿ, ಮಗು ಸುಲಭವಾಗಿ ಕುಡಿಯಲಿ ಎಂದು ಅದನ್ನು ಬಿಸಿ ಬಿಸಿ ಹಾಲಿಗೆ ಸಕ್ಕರೆಯೊಡನೆ ಕದಡಿ ಕೊಟ್ಟರು.

ತಾಯಿಯ ಅಕ್ಕರೆಯಲ್ಲಿ ಕೊರತೆಯೇನೂ ಇರಲಿಲ್ಲ. ಆದರೆ ಆ ಪೊಟ್ಟಣದಲ್ಲಿದ್ದದ್ದು ಲ್ಯಾಕ್ಟೋಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾ ಆಗಿದ್ದರೆ, ಅದರ ಬಹುಪಾಲು ಮಗುವಿನ ನಾಲಿಗೆಯನ್ನು ಮುಟ್ಟುವ ಮೊದಲೇ ಲೋಟದಲ್ಲಿ ಸತ್ತುಹೋಗಿರುತ್ತದೆ. ದುಡ್ಡು ಕೊಟ್ಟು ತಂದದ್ದು ಜೀವಂತ ಬ್ಯಾಕ್ಟೀರಿಯಾ. ಮಗುವಿನ ಹೊಟ್ಟೆಗೆ ಹೋದದ್ದು ಅದರ ಶವ!

ಇಂತಹ ಪ್ರಸಂಗ ನಿಮ್ಮ ಮನೆಯಲ್ಲೂ ನಡೆದಿರಬಹುದು. ಔಷಧಿಯಂಗಡಿಯ ಕ್ಯಾಪ್ಸೂಲಿನಿಂದ ಹಿಡಿದು ಮೊಸರಿನ ಡಬ್ಬಿ, ಐಸ್‌ಕ್ರೀಂ, ಶಿಶು ಆಹಾರದವರೆಗೆ ‘ಪ್ರೊಬಯಾಟಿಕ್’ ಎಂಬ ಪದ ಇಂದು ಎಲ್ಲೆಲ್ಲೂ ಕಾಣಿಸುತ್ತದೆ. ಈ ಪದದ ಹಿಂದಿರುವ ಒಂದು ಮುಖ್ಯ ಪ್ರಶ್ನೆಯನ್ನು ಮಾತ್ರ ನಾವು ಕೇಳಿಕೊಳ್ಳುವುದೇ ಇಲ್ಲ. ಡಬ್ಬಿಗೆ ತುಂಬಿದ ಬ್ಯಾಕ್ಟೀರಿಯಾಗಳಲ್ಲಿ ಎಷ್ಟು ನಮ್ಮ ಕರುಳನ್ನು ಜೀವಂತವಾಗಿ ತಲುಪುತ್ತವೆ?

ಪ್ರೊಬಯಾಟಿಕ್ ಎಂದರೇನು?

ನಮ್ಮ ಕರುಳಿನಲ್ಲಿ, ಅದರಲ್ಲೂ ದೊಡ್ಡ ಕರುಳಿನಲ್ಲಿ, ಲಕ್ಷ ಕೋಟಿಗಳ ಲೆಕ್ಕದಲ್ಲಿ ಬ್ಯಾಕ್ಟೀರಿಯಾಗಳು ವಾಸಿಸುತ್ತವೆ. ಅವುಗಳಲ್ಲಿ ಹೆಚ್ಚಿನವು ನಮಗೆ ಕೇಡು ಮಾಡುವುದಿಲ್ಲ. ನಾವು ಜೀರ್ಣಿಸಿಕೊಳ್ಳಲಾಗದ ನಾರನ್ನು ಅವು ಒಡೆಯುತ್ತವೆ, ಕೆಲವು ಜೀವಸತ್ವಗಳನ್ನು ತಯಾರಿಸುತ್ತವೆ, ರೋಗಕಾರಕ ಜೀವಾಣುಗಳು ಬೇರೂರದಂತೆ ಜಾಗವನ್ನು ಹಿಡಿದಿಡುತ್ತವೆ. ರೋಗಾಣುವನ್ನು ಕೊಲ್ಲಲು ನಾವು ನುಂಗುವ ಆಂಟಿಬಯಾಟಿಕ್‌ಗೆ ಮಿತ್ರ, ಶತ್ರು ಎಂಬ ಭೇದ ಅಷ್ಟಾಗಿ ತಿಳಿಯದು. ಹೀಗಾಗಿ ಕೆಲವರಿಗೆ ಅದರ ಜೊತೆಯಲ್ಲೇ ಭೇದಿ ಕಾಣಿಸಿಕೊಳ್ಳುತ್ತದೆ.

ಇಂತಹ ಸಂದರ್ಭದಲ್ಲಿ ಹೊರಗಿನಿಂದ ಕೊಡುವ ಉಪಕಾರಿ ಜೀವಾಣುಗಳೇ ಪ್ರೊಬಯಾಟಿಕ್. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2001ರಲ್ಲಿ ಇದಕ್ಕೊಂದು ವ್ಯಾಖ್ಯೆ ಕೊಟ್ಟರು. ಅದರ ಸಾರಾಂಶ ಇಷ್ಟು: ಸಾಕಷ್ಟು ಪ್ರಮಾಣದಲ್ಲಿ ಸೇವಿಸಿದಾಗ ಆರೋಗ್ಯಕ್ಕೆ ಪ್ರಯೋಜನ ನೀಡುವ ಜೀವಂತ ಸೂಕ್ಷ್ಮಜೀವಿಗಳು.

ಈ ಮಾತಿನಲ್ಲಿ ಮೂರು ಷರತ್ತುಗಳಿವೆ ಎಂಬುದನ್ನು ಗಮನಿಸಿ. ಅವು ಜೀವಂತವಾಗಿರಬೇಕು, ಸಾಕಷ್ಟು ಸಂಖ್ಯೆಯಲ್ಲಿರಬೇಕು, ಪ್ರಯೋಜನ ಸಿದ್ಧವಾಗಿರಬೇಕು. ಮೊದಲ ಎರಡು ಷರತ್ತುಗಳನ್ನು ಪೂರೈಸುವುದೇ ಆಹಾರ ವಿಜ್ಞಾನಿಗಳಿಗೆ ದೊಡ್ಡ ತಲೆನೋವು.

ಮೆಚ್ನಿಕಾಫ್ ಕಂಡ ಕನಸು

ಈ ತಲೆನೋವಿಗೆ ನೂರು ವರ್ಷಕ್ಕೂ ಮಿಕ್ಕ ಇತಿಹಾಸವಿದೆ. ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ರಷ್ಯನ್ ವಿಜ್ಞಾನಿ ಎಲೀ ಮೆಚ್ನಿಕಾಫ್, ಬಲ್ಗೇರಿಯದ ರೈತರ ದೀರ್ಘಾಯುಷ್ಯಕ್ಕೆ ಅವರು ನಿತ್ಯ ಸೇವಿಸುವ ಹುಳಿ ಹಾಲೇ ಕಾರಣವಿರಬೇಕು ಎಂದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಾದಿಸಿದರು. ದೇಹದ ರೋಗನಿರೋಧಕ ಶಕ್ತಿಯ ಮೇಲಿನ ಸಂಶೋಧನೆಗಾಗಿ 1908ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೊಂಡ ವಿಜ್ಞಾನಿ ಅವರು. ಅವರ ಮಾತಿಗೆ ತೂಕವಿತ್ತು. ಯೂರೋಪಿನ ಪಟ್ಟಣಗಳಲ್ಲಿ ಮೊಸರಿಗೆ ಬೇಡಿಕೆ ಏರಿತು.

ಆದರೆ 1920ರ ಆಸುಪಾಸಿನಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ರೆಟ್ಗರ್ ಮತ್ತು ಚೆಪ್ಲಿನ್ ಎಂಬ ಸಂಶೋಧಕರು ಒಂದು ಕಹಿ ಸತ್ಯವನ್ನು ತೋರಿಸಿಕೊಟ್ಟರು. ಮೆಚ್ನಿಕಾಫ್ ನೆಚ್ಚಿಕೊಂಡಿದ್ದ ಬಲ್ಗೇರಿಯದ ಬ್ಯಾಕ್ಟೀರಿಯಾ ಮನುಷ್ಯನ ಕರುಳಿನಲ್ಲಿ ನೆಲೆಯೂರುವುದೇ ಇಲ್ಲ!

ಹಾಗಾದರೆ ಉಪಾಯವೇನು? ಒಂದು ದಾರಿ, ಆಮ್ಲಕ್ಕೂ ಪಿತ್ತಕ್ಕೂ ಜಗ್ಗದ ಗಟ್ಟಿ ಬ್ಯಾಕ್ಟೀರಿಯಾವನ್ನು ಹುಡುಕಿ ಆರಿಸುವುದು. ಜಪಾನಿನ ವೈದ್ಯ ಮಿನೋರು ಶಿರೋಟ 1930ರಲ್ಲಿ ಮಾಡಿದ್ದು ಇದನ್ನೇ. ಅವರು ಆರಿಸಿ ಬೆಳೆಸಿದ ಲ್ಯಾಕ್ಟೋಬ್ಯಾಸಿಲಸ್ ತಳಿ 1935ರಲ್ಲಿ ‘ಯಾಕುಲ್ಟ್’ ಎಂಬ ಪೇಯವಾಗಿ ಮಾರುಕಟ್ಟೆಗೆ ಬಂತು. ಎರಡನೆಯ ದಾರಿ, ಕೋಮಲ ಬ್ಯಾಕ್ಟೀರಿಯಾಗೆ ನಾವೇ ಒಂದು ಕವಚ ತೊಡಿಸಿ ಕಳಿಸುವುದು. ಇದಕ್ಕೆ ಮೈಕ್ರೋಎನ್‌ಕ್ಯಾಪ್ಸುಲೇಷನ್ ಎಂದು ಹೆಸರು. ಕನ್ನಡದಲ್ಲಿ ‘ಸೂಕ್ಷ್ಮಕವಚ ವಿಧಾನ’ ಎನ್ನಬಹುದು.

ದಾರಿಯುದ್ದಕ್ಕೂ ಗಂಡಾಂತರ

ಕವಚ ಏಕೆ ಬೇಕು ಎಂಬುದು ತಿಳಿಯಬೇಕಾದರೆ ಈ ಜೀವಾಣುವಿನ ಪ್ರಯಾಣವನ್ನೊಮ್ಮೆ ನೋಡಬೇಕು.

ಮೊದಲ ಗಂಡಾಂತರ ಕಾರ್ಖಾನೆಯಲ್ಲೇ ಕಾದಿರುತ್ತದೆ. ತೊಟ್ಟಿಗಳಲ್ಲಿ ಬೆಳೆಸಿದ ಬ್ಯಾಕ್ಟೀರಿಯಾವನ್ನು ಪುಡಿ ಮಾಡಲು ಒಣಗಿಸಬೇಕು. ಹಾಲಿನ ಪುಡಿ ತಯಾರಿಸುವಂತೆ ಬಿಸಿಗಾಳಿಯಲ್ಲಿ ತುಂತುರಾಗಿ ಸಿಂಪಡಿಸಿ ಒಣಗಿಸುವುದು ಅಗ್ಗದ ವಿಧಾನ. ಅಲ್ಲಿ ಒಳಹೋಗುವ ಗಾಳಿಯ ಉಷ್ಣತೆ ಸಾಮಾನ್ಯವಾಗಿ 150 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು. ನೀರು ಆವಿಯಾಗುವಾಗ ಹನಿ ತಣ್ಣಗಾಗುವುದರಿಂದ ಬ್ಯಾಕ್ಟೀರಿಯಾಗೆ ಅಷ್ಟೂ ಕಾವು ತಟ್ಟುವುದಿಲ್ಲ ನಿಜ; ಆದರೂ ಸಾವು ನೋವು ಬಹಳ. ಇನ್ನೊಂದು ವಿಧಾನ ಹೆಪ್ಪುಗಟ್ಟಿಸಿ, ನಿರ್ವಾತದಲ್ಲಿ ಮಂಜನ್ನು ನೇರವಾಗಿ ಆವಿಯಾಗಿಸುವುದು. ಇದು ಸೌಮ್ಯ, ಆದರೆ ದುಬಾರಿ. ಇಲ್ಲಿಯೂ ಮಂಜಿನ ಹರಳುಗಳಿಂದ ಜೀವಕೋಶದ ಪೊರೆ ಹರಿಯುವ ಅಪಾಯವಿದೆ. ಅದಕ್ಕಾಗಿ ಕೆನೆ ತೆಗೆದ ಹಾಲಿನ ಪುಡಿ, ಟ್ರೆಹಲೋಸ್ ಎಂಬ ಸಕ್ಕರೆ ಮುಂತಾದವನ್ನು ಜೊತೆಗೆ ಬೆರೆಸುತ್ತಾರೆ.

ಎರಡನೆಯ ಗಂಡಾಂತರ ದಾಸ್ತಾನು. ತಾಪ, ತೇವ ಮತ್ತು ಗಾಳಿಯ ಆಮ್ಲಜನಕ, ಈ ಮೂರೂ ಒಣಗಿದ ಬ್ಯಾಕ್ಟೀರಿಯಾಗೆ ವೈರಿಗಳು. ಬೈಫಿಡೋಬ್ಯಾಕ್ಟೀರಿಯಾ ಎಂಬ ಗುಂಪಿಗಂತೂ ಆಮ್ಲಜನಕವೇ ವಿಷ. ಬೇಸಿಗೆಯಲ್ಲಿ ಕಲಬುರಗಿ, ರಾಯಚೂರಿನ ಕಡೆ ಉಷ್ಣತೆ 40 ಡಿಗ್ರಿ ದಾಟುತ್ತದೆ. ಅಲ್ಲಿಯ ಅಂಗಡಿಯ ಅಟ್ಟಣಿಗೆಯ ಮೇಲೆ ತಿಂಗಳುಗಟ್ಟಲೆ ಕುಳಿತ ಡಬ್ಬಿಯ ಒಳಗಿನ ಪರಿಸ್ಥಿತಿಯನ್ನು ನೀವೇ ಊಹಿಸಿ.

ಮೂರನೆಯದು ನಮ್ಮ ಜಠರ. ಖಾಲಿ ಹೊಟ್ಟೆಯಲ್ಲಿ ಜಠರರಸ ನಿಂಬೆರಸಕ್ಕೆ ಸಮನಾದ, ಕೆಲವೊಮ್ಮೆ ಅದಕ್ಕೂ ತೀಕ್ಷ್ಣವಾದ ಹುಳಿ. ಅಲ್ಲಿಂದ ಪಾರಾದವು ಸಣ್ಣ ಕರುಳಿನ ಮೊದಲ ಭಾಗಕ್ಕೆ ಬಂದರೆ ಅಲ್ಲಿ ಪಿತ್ತರಸ ಕಾದಿರುತ್ತದೆ. ಪಾತ್ರೆ ತೊಳೆಯುವ ಪುಡಿ ಜಿಡ್ಡನ್ನು ಕರಗಿಸುವಂತೆ ಪಿತ್ತರಸ ಕೊಬ್ಬನ್ನು ಕದಡುತ್ತದೆ. ಬ್ಯಾಕ್ಟೀರಿಯಾದ ಹೊರಪೊರೆಯಲ್ಲಿರುವುದೂ ಕೊಬ್ಬೇ.

ಒಂದು ಸರಳ ಲೆಕ್ಕ ಹಾಕೋಣ. ಇದು ವಿವರಣೆಗಾಗಿ ಕಲ್ಪಿಸಿಕೊಂಡ ಲೆಕ್ಕ. ಪೊಟ್ಟಣಕ್ಕೆ 100 ಕೋಟಿ ಬ್ಯಾಕ್ಟೀರಿಯಾ ತುಂಬಿದ್ದಾರೆ. ಅಂಗಡಿಯಲ್ಲಿ ಹತ್ತರಲ್ಲಿ ಒಂದು ಮಾತ್ರ ಉಳಿದರೆ 10 ಕೋಟಿ. ಜಠರದಲ್ಲಿ ನೂರರಲ್ಲಿ ಒಂದು ಉಳಿದರೆ 10 ಲಕ್ಷ. ಪಿತ್ತರಸದಲ್ಲಿ ಮತ್ತೆ ಹತ್ತರಲ್ಲಿ ಒಂದು ಉಳಿದರೆ ಒಂದು ಲಕ್ಷ. ನೂರು ಕೋಟಿಯಿಂದ ಹೊರಟದ್ದು ಲಕ್ಷಕ್ಕೆ ಬಂತು! ಆದ್ದರಿಂದ ಡಬ್ಬಿಯ ಮೇಲೆ ಮುದ್ರಿಸಿದ ದೊಡ್ಡ ಸಂಖ್ಯೆಯನ್ನು ನೋಡಿ ಮರುಳಾಗುವಂತಿಲ್ಲ. ಹೊರಟವರೆಷ್ಟು ಎಂಬುದಕ್ಕಿಂತ ತಲುಪಿದವರೆಷ್ಟು ಎಂಬುದು ಮುಖ್ಯ.

ಕುಸುರೆಳ್ಳಿನ ಹಾಗೆ, ಬೂಂದಿಯ ಹಾಗೆ

ಸೂಕ್ಷ್ಮಕವಚದ ಕಲ್ಪನೆ ಹುಟ್ಟಿದ್ದು ಆಹಾರಕ್ಕಾಗಿ ಅಲ್ಲ, ಕಾಗದಕ್ಕಾಗಿ. 1950ರ ದಶಕದಲ್ಲಿ ಅಮೆರಿಕದ ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಕಂಪನಿಯ ಬ್ಯಾರೆಟ್ ಗ್ರೀನ್ ಮತ್ತು ಸಂಗಡಿಗರು ಬಣ್ಣದ ಸೂಕ್ಷ್ಮ ಹನಿಗಳನ್ನು ಜಿಲೆಟಿನ್ ಪೊರೆಯಲ್ಲಿ ಮುಚ್ಚಿ ಕಾಗದಕ್ಕೆ ಲೇಪಿಸಿದರು. ಪೆನ್ನು ಒತ್ತಿದಾಗ ಪೊರೆ ಒಡೆದು ಕೆಳಗಿನ ಹಾಳೆಯಲ್ಲಿ ಅಕ್ಷರ ಮೂಡುತ್ತಿತ್ತು. ಕಾರ್ಬನ್ ಹಾಳೆಯಿಲ್ಲದೆ ಪ್ರತಿ ತೆಗೆಯುವ ರಸೀದಿ ಪುಸ್ತಕ ಬಂದದ್ದು ಹೀಗೆ. ಬೇಕಾದ ಜಾಗದಲ್ಲಿ, ಬೇಕಾದ ಹೊತ್ತಿಗೆ ಮಾತ್ರ ಕವಚ ಒಡೆಯಬೇಕು ಎಂಬ ಅದೇ ತತ್ತ್ವವನ್ನು ಮುಂದೆ ಔಷಧಿಗೂ ಆಹಾರಕ್ಕೂ ಅಳವಡಿಸಿದರು. 1980ರಲ್ಲಿ ಲಿಮ್ ಮತ್ತು ಸನ್ ಎಂಬ ವಿಜ್ಞಾನಿಗಳು ಇನ್ಸುಲಿನ್ ಸ್ರವಿಸುವ ಜೀವಕೋಶಗಳನ್ನೇ ಇಂಥ ಗುಳಿಗೆಗಳಲ್ಲಿಟ್ಟು, ಮಧುಮೇಹವಿದ್ದ ಇಲಿಗಳಿಗೆ ಕಸಿ ಮಾಡಿದರು. ಜೀವಂತ ಕೋಶ ಕವಚದೊಳಗೆ ಬದುಕಿರಬಲ್ಲದು ಎಂಬುದು ಅಲ್ಲಿಗೆ ಖಚಿತವಾಯಿತು.

ಬ್ಯಾಕ್ಟೀರಿಯಾಗೆ ಕವಚ ತೊಡಿಸಲು ಹೆಚ್ಚಾಗಿ ಬಳಸುವ ವಸ್ತು ಆಲ್ಜಿನೇಟ್. ಇದು ಕಂದು ಬಣ್ಣದ ಕಡಲಕಳೆಯಿಂದ ತೆಗೆದ ಅಂಟು. 1881ರಲ್ಲಿ ಬ್ರಿಟನ್ನಿನ ರಸಾಯನ ವಿಜ್ಞಾನಿ ಸ್ಟ್ಯಾನ್‌ಫರ್ಡ್ ಇದನ್ನು ಮೊದಲು ಬೇರ್ಪಡಿಸಿದರು. ನಮ್ಮಲ್ಲಿ ತಮಿಳುನಾಡಿನ ಕರಾವಳಿಯ ಸರ್ಗಾಸಮ್ ಜಾತಿಯ ಕಳೆಯಿಂದ ಇದನ್ನು ತಯಾರಿಸುತ್ತಾರೆ.

ವಿಧಾನ ಸರಳ. ನಿಮ್ಮ ಮನೆಯಲ್ಲಿ ಬೂಂದಿ ಕರಿಯುವುದನ್ನು ನೋಡಿದ್ದೀರಲ್ಲ? ಜಾಲರಿಯಿಂದ ಹಿಟ್ಟು ಹನಿ ಹನಿಯಾಗಿ ಬಿದ್ದು ಎಣ್ಣೆ ಮುಟ್ಟುತ್ತಲೇ ಗುಂಡಗೆ ಗಟ್ಟಿಯಾಗುತ್ತದೆ. ಇಲ್ಲಿಯೂ ಹಾಗೆಯೇ. ಸೋಡಿಯಂ ಆಲ್ಜಿನೇಟ್ ದ್ರಾವಣದಲ್ಲಿ ಬ್ಯಾಕ್ಟೀರಿಯಾವನ್ನು ಬೆರೆಸಿ, ಸಣ್ಣ ಸೂಜಿಯ ಮೂಲಕ ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿದ ನೀರಿಗೆ ಹನಿಸುತ್ತಾರೆ. ಆಲ್ಜಿನೇಟಿನ ಉದ್ದನೆಯ ಎಳೆಗಳನ್ನು ಕ್ಯಾಲ್ಸಿಯಂ ಒಂದಕ್ಕೊಂದು ಹೆಣೆಯುತ್ತದೆ. ಹನಿ ಅಲ್ಲೇ ಪುಟ್ಟ ಮುತ್ತಾಗುತ್ತದೆ. ಎಣ್ಣೆಯೂ ಬೇಡ, ಬೆಂಕಿಯೂ ಬೇಡ. ಬ್ಯಾಕ್ಟೀರಿಯಾ ಸಾಬುದಾನಿಯ ಕಾಳಿನಂಥ ಗೋಲಿಯೊಳಗೆ ಭದ್ರವಾಗಿ ಕೂರುತ್ತದೆ.

ಈ ಗೋಲಿಯ ಗುಣವೇ ಸ್ವಾರಸ್ಯಕರ. ಜಠರದ ಹುಳಿಯಲ್ಲಿ ಅದು ಕರಗುವುದಿಲ್ಲ. ಬದಲಿಗೆ ಕುಗ್ಗಿ ಬಿಗಿಯಾಗುತ್ತದೆ. ಹುಳಿ ತಗ್ಗಿದ ಕರುಳಿಗೆ ಬಂದಾಗ ಅಲ್ಲಿಯ ಸೋಡಿಯಂ ಮತ್ತು ಫಾಸ್ಫೇಟ್ ಲವಣಗಳು ಕ್ಯಾಲ್ಸಿಯಂ ಗಂಟನ್ನು ಸಡಿಲಿಸುತ್ತವೆ. ಗೋಲಿ ಉಬ್ಬಿ ಬಿಚ್ಚಿಕೊಳ್ಳುತ್ತದೆ. ಶತ್ರುವಿನೆದುರು ಬಾಗಿಲು ಮುಚ್ಚಿ, ಊರು ಬಂದಾಗ ಬಾಗಿಲು ತೆರೆಯುವ ಪಲ್ಲಕ್ಕಿಯಿದು ಎನ್ನಬಹುದು.

ಇನ್ನೊಂದು ವಿಧಾನ ಸಂಕ್ರಾಂತಿಯ ಕುಸುರೆಳ್ಳನ್ನು ನೆನಪಿಸುತ್ತದೆ. ಎಳ್ಳಿನ ಮೇಲೆ ಸಕ್ಕರೆ ಪಾಕವನ್ನು ತೊಟ್ಟು ತೊಟ್ಟಾಗಿ ಚಿಮುಕಿಸುತ್ತ, ಕೈಯಾಡಿಸುತ್ತ, ಪದರದ ಮೇಲೆ ಪದರ ಕಟ್ಟುವ ತಾಳ್ಮೆಯ ಕೆಲಸ ಅದು. ಕಾರ್ಖಾನೆಯಲ್ಲಿ ಒಣಗಿದ ಬ್ಯಾಕ್ಟೀರಿಯಾದ ಕಣಗಳನ್ನು ಗಾಳಿಯಲ್ಲಿ ತೇಲಿಸಿ, ಅವುಗಳ ಮೇಲೆ ಕರಗಿದ ಸಸ್ಯಜನ್ಯ ಕೊಬ್ಬನ್ನು ಸಿಂಪಡಿಸುತ್ತಾರೆ. ಕೊಬ್ಬಿನ ಪದರ ತೇವವನ್ನು ಒಳಬಿಡದು. ಮುಂದೆ ಕರುಳಿನಲ್ಲಿ ಕೊಬ್ಬು ಜೀರ್ಣವಾದಾಗ ಬ್ಯಾಕ್ಟೀರಿಯಾ ಹೊರಬರುತ್ತದೆ. ಹಾಲೊಡೆದಾಗ ಉಳಿಯುವ ತಿಳಿನೀರಿನ ಪ್ರೋಟೀನು, ಪಿಷ್ಟ ಮುಂತಾದವೂ ಕವಚಕ್ಕೆ ಒದಗುತ್ತವೆ. ಜಪಾನಿನ ಒಂದು ಸಂಸ್ಥೆ 1990ರ ದಶಕದಲ್ಲೇ ಬೈಫಿಡೋಬ್ಯಾಕ್ಟೀರಿಯಾವನ್ನು ಬೆಸುಗೆಯೇ ಇಲ್ಲದ ಪುಟ್ಟ ಗುಂಡು ಕ್ಯಾಪ್ಸೂಲುಗಳಲ್ಲಿಟ್ಟು ಮಾರಾಟಕ್ಕೆ ತಂದಿತು.

ಕೋಟೆಗೂ ಬಿರುಕುಂಟು

ಹಾಗೆಂದು ಕವಚವೊಂದಿದ್ದರೆ ಎಲ್ಲವೂ ಸುಗಮ ಎಂದು ತಿಳಿಯಬಾರದು. ಆಲ್ಜಿನೇಟ್ ಗೋಲಿಯಲ್ಲಿ ಸೂಕ್ಷ್ಮ ರಂಧ್ರಗಳಿರುತ್ತವೆ. ಆಮ್ಲ ನಿಧಾನವಾಗಿಯಾದರೂ ಒಳನುಗ್ಗುತ್ತದೆ. ಇದನ್ನು ತಡೆಯಲು ಕೈಟೋಸಾನ್ ಎಂಬ ಇನ್ನೊಂದು ಲೇಪನ ಕೊಡುವುದುಂಟು.

ಗಾತ್ರದ ಸಮಸ್ಯೆ ಬೇರೆ. ಗೋಲಿ ದೊಡ್ಡದಾದಷ್ಟೂ ರಕ್ಷಣೆ ಹೆಚ್ಚು. ಆದರೆ ಎರಡು ಮಿಲಿಮೀಟರಿನ ಗೋಲಿ ಮೊಸರಿನಲ್ಲಿದ್ದರೆ ನಾಲಿಗೆಗೆ ಮರಳು ಸಿಕ್ಕಂತಾಗುತ್ತದೆ. ನಾಲಿಗೆಗೆ ತಿಳಿಯದಷ್ಟು ಸಣ್ಣದು ಮಾಡಿದರೆ ಗೋಡೆ ತೆಳುವಾಗಿ ರಕ್ಷಣೆ ಕುಗ್ಗುತ್ತದೆ. ಕಾವಿನ ಮಾತಂತೂ ಹೇಳಬೇಕಾಗಿಯೇ ಇಲ್ಲ. ಬ್ರೆಡ್ಡು, ಬಿಸ್ಕತ್ತಿನ ಒಲೆಯ ಬಿಸಿಯನ್ನು ತಡೆಯುವ ಕವಚ ಕಟ್ಟುವುದು ಬಹಳ ಕಷ್ಟ. ಮತ್ತೊಂದು ಮಾತು: ಕವಚಗಳ ಪರೀಕ್ಷೆಗಳಲ್ಲಿ ಹೆಚ್ಚಿನವು ಪ್ರಯೋಗಾಲಯದಲ್ಲಿ ಕೃತಕ ಜಠರರಸ, ಕೃತಕ ಪಿತ್ತರಸದಲ್ಲಿ ನಡೆದವು. ಮನುಷ್ಯರ ಮೇಲೆ ನಡೆದವು ಕಡಿಮೆ.

ಸಸ್ಯಾಹಾರಿ ಓದುಗರು ಗಮನಿಸಬೇಕಾದ ವಿಷಯವೂ ಇಲ್ಲಿದೆ. ಆಲ್ಜಿನೇಟ್ ಕಡಲಕಳೆಯದು. ಆದರೆ ಜಿಲೆಟಿನ್ ಬರುವುದು ಪ್ರಾಣಿಗಳ ಚರ್ಮ ಮತ್ತು ಮೂಳೆಯಿಂದ. ಕೈಟೋಸಾನ್ ಸಾಮಾನ್ಯವಾಗಿ ಸಿಗಡಿ, ಏಡಿಗಳ ಚಿಪ್ಪಿನಿಂದ. ಆಹಾರದ ಪೊಟ್ಟಣವಾದರೆ ಮೇಲಿನ ಹಸಿರು ಅಥವಾ ಕಂದು ಗುರುತನ್ನು ನೋಡಿಕೊಳ್ಳಿ. ಸಿಗಡಿ, ಏಡಿ ತಿಂದರೆ ಅಲರ್ಜಿಯಾಗುವವರು ಘಟಕಗಳ ಪಟ್ಟಿಯನ್ನು ಓದುವುದು ಒಳ್ಳೆಯದು.

ಪ್ರಕೃತಿಯೇ ತೊಡಿಸಿದ ಕವಚ

ಕೆಲವು ಬ್ಯಾಕ್ಟೀರಿಯಾಗಳಿಗೆ ನಮ್ಮ ಕವಚದ ಹಂಗೇ ಇಲ್ಲ. ಬ್ಯಾಸಿಲಸ್ ಜಾತಿಯವು ಕಷ್ಟಕಾಲದಲ್ಲಿ ಗಟ್ಟಿ ಚಿಪ್ಪಿನ ಬೀಜಾಣುಗಳಾಗಿ ನಿದ್ರಿಸುತ್ತವೆ. ಬಿಸಿ, ಒಣಹವೆ, ಆಮ್ಲ ಎಲ್ಲವನ್ನೂ ಸಹಿಸಿಕೊಂಡು ಕರುಳಿನಲ್ಲಿ ಎಚ್ಚರಗೊಳ್ಳುತ್ತವೆ. ನಮ್ಮ ಔಷಧಿಯಂಗಡಿಗಳಲ್ಲಿ ಸಣ್ಣ ಪ್ಲಾಸ್ಟಿಕ್ ಬಾಟಲಿಗಳಲ್ಲಿ ಸಿಗುವ ಬ್ಯಾಸಿಲಸ್ ಕ್ಲಾಸಿಐ ಇಂಥದ್ದು. ಬ್ಯಾಸಿಲಸ್ ಕೊಯಾಗ್ಯುಲನ್ಸ್ ಇನ್ನೊಂದು. ಇದನ್ನು ಬಹಳ ಕಾಲ ‘ಲ್ಯಾಕ್ಟೋಬ್ಯಾಸಿಲಸ್ ಸ್ಪೋರೋಜೀನಸ್’ ಎಂಬ ಹೆಸರಿನಲ್ಲಿ ಮಾರುತ್ತಿದ್ದರು. ಆದರೆ ನಿಜವಾದ ಲ್ಯಾಕ್ಟೋಬ್ಯಾಸಿಲಸ್ ಬೀಜಾಣು ಕಟ್ಟುವುದೇ ಇಲ್ಲ. ಹೆಸರು ಒಂದೇ ಎಂದು ಕಂಡರೂ ಸ್ವಭಾವ ಬೇರೆ. ಆದ್ದರಿಂದ ಹೆಸರನ್ನು ಪೂರ್ತಿ ಓದುವುದು ಅಗತ್ಯ.

ಇನ್ನು ಸ್ಯಾಕರೋಮೈಸಿಸ್ ಬೌಲಾರ್ಡಿ ಎಂಬುದು ಬ್ಯಾಕ್ಟೀರಿಯಾವೇ ಅಲ್ಲ, ಯೀಸ್ಟ್. ಹೀಗಾಗಿ ಬ್ಯಾಕ್ಟೀರಿಯಾ ಕೊಲ್ಲುವ ಆಂಟಿಬಯಾಟಿಕ್‌ಗಳು ಇದನ್ನು ಕೊಲ್ಲುವುದಿಲ್ಲ. ಶಿಲೀಂಧ್ರನಾಶಕ ಔಷಧಿಗಳು ಮಾತ್ರ ಕೊಲ್ಲುತ್ತವೆ.

ನಮ್ಮ ಮನೆಯ ಮೊಸರಿನ ಗತಿಯೇನು?

ಇದನ್ನೆಲ್ಲ ಓದಿ ‘ಹಾಗಾದರೆ ಇಷ್ಟು ದಿನ ತಿಂದ ಮೊಸರನ್ನ ವ್ಯರ್ಥವೇ?’ ಎಂದು ನೀವು ಕೇಳಬಹುದು. ಖಂಡಿತ ಅಲ್ಲ. ಮೊಸರಿನ ಬ್ಯಾಕ್ಟೀರಿಯಾಗಳು ದಾರಿಯಲ್ಲಿ ಸತ್ತರೂ ಒಂದು ಉಪಕಾರ ಮಾಡಿಯೇ ಸಾಯುತ್ತವೆ. ಅವುಗಳ ದೇಹದಲ್ಲಿ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಕಿಣ್ವವಿರುತ್ತದೆ. ಸಣ್ಣ ಕರುಳಿನಲ್ಲಿ ಪಿತ್ತರಸ ಅವುಗಳ ಪೊರೆಯನ್ನು ಸಡಿಲಿಸಿದಾಗ ಆ ಕಿಣ್ವ ಕೆಲಸ ಮಾಡುತ್ತದೆ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವ ಎಷ್ಟೋ ಜನರಿಗೆ ಮೊಸರು ಒಗ್ಗುವ ರಹಸ್ಯ ಇದು. ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರವೂ 2010ರಲ್ಲಿ ಈ ಗುಣವನ್ನು ಒಪ್ಪಿಕೊಂಡಿತು. ಒಂದು ಗ್ರಾಂ ಮೊಸರಿನಲ್ಲಿ ಕನಿಷ್ಠ 10 ಕೋಟಿ ಜೀವಂತ ಬ್ಯಾಕ್ಟೀರಿಯಾ ಇರಬೇಕು ಎಂಬ ಷರತ್ತಿನೊಂದಿಗೆ.

ಆದರೆ ಮನೆಯ ಮೊಸರಿನಲ್ಲಿ ಯಾವ ತಳಿ ಎಷ್ಟಿದೆ ಎಂದು ಹೇಳಲಾಗದು. ಹೆಪ್ಪು ಮನೆಯಿಂದ ಮನೆಗೆ ಬೇರೆ. ಅದು ಉತ್ತಮ ಆಹಾರ. ಚಿಕಿತ್ಸೆಗೆ ಬೇಕಾದ ನಿರ್ದಿಷ್ಟ ಪ್ರೊಬಯಾಟಿಕ್‌ಗೆ ಬದಲಿ ಅಲ್ಲ. ಮಜ್ಜಿಗೆ ಹುಳಿಯನ್ನು ಕುದಿಸಿದಾಗ, ಇಡ್ಲಿಯನ್ನು ಹಬೆಯಲ್ಲಿ ಬೇಯಿಸಿದಾಗ ಅವುಗಳಲ್ಲಿದ್ದ ಬ್ಯಾಕ್ಟೀರಿಯಾ ಸಾಯುತ್ತವೆ. ಹುದುಗಿನಿಂದ ಬಂದ ರುಚಿ, ಸುಲಭ ಜೀರ್ಣತೆ ಉಳಿಯುತ್ತವೆ. ಜೀವಂತ ಬ್ಯಾಕ್ಟೀರಿಯಾ ಬೇಕೆಂದರೆ ಕುದಿಸದ ಮಜ್ಜಿಗೆ, ತಣ್ಣನೆಯ ಅನ್ನಕ್ಕೆ ಕಲಸಿದ ಮೊಸರು, ಮೊಸರು ಬಜ್ಜಿ ಮೇಲು.

ನಮ್ಮ ಅಜ್ಜಿಯರಿಗೆ ಈ ವಿಷಯ ತಿಳಿದೇ ಇತ್ತು. ಹೆಪ್ಪು ಹಾಕುವ ಮುನ್ನ ಅವರು ಹಾಲಿಗೆ ಬೆರಳದ್ದಿ ನೋಡುತ್ತಿದ್ದರು. ಬೆರಳು ತಡೆಯುವಷ್ಟು ಉಗುರುಬೆಚ್ಚಗಿದ್ದರೆ ಮಾತ್ರ ಹೆಪ್ಪು ಬೀಳುತ್ತಿತ್ತು. ಸುಡುವ ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗದು. ಪ್ರೊಬಯಾಟಿಕ್ ಪೊಟ್ಟಣಕ್ಕೂ ಇದೇ ಅಜ್ಜಿಯ ನಿಯಮ ಸಾಕು.

ತಲುಪಿದರೆ ಸಾಕೇ?

ಜೀವಂತವಾಗಿ ಕರುಳು ತಲುಪಿತು ಎಂದ ಮಾತ್ರಕ್ಕೆ ರೋಗ ವಾಸಿಯಾಗುತ್ತದೆ ಎನ್ನುವಂತಿಲ್ಲ. ಯಾವ ತಳಿ, ಯಾವ ಕಾಯಿಲೆಗೆ, ಯಾರಿಗೆ ಎಂಬುದರ ಮೇಲೆ ಫಲ ನಿಂತಿದೆ.

ಒಡಿಶಾದ ಹಳ್ಳಿಗಳಲ್ಲಿ 4,556 ನವಜಾತ ಶಿಶುಗಳ ಮೇಲೆ ನಡೆದ ಅಧ್ಯಯನ 2017ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟರಮ್‌ನ ಒಂದು ತಳಿಯನ್ನು, ಅದಕ್ಕೆ ಆಹಾರವಾಗುವ ಒಂದು ಬಗೆಯ ಸಕ್ಕರೆಯೊಡನೆ ಒಂದು ವಾರ ಕೊಡಲಾಗಿತ್ತು. ಹುಸಿ ಮದ್ದು ಪಡೆದ ಗುಂಪಿನಲ್ಲಿ ರಕ್ತದ ನಂಜು ಅಥವಾ ಸಾವು ಶೇ 9ರಷ್ಟಿದ್ದರೆ, ಇದನ್ನು ಪಡೆದವರಲ್ಲಿ ಶೇ 5.4ಕ್ಕೆ ಇಳಿಯಿತು. ಇದು ಸಣ್ಣ ಸಾಧನೆಯಲ್ಲ.

ಆದರೆ 2018ರಲ್ಲಿ ಪ್ರಕಟವಾದ ಅಮೆರಿಕ ಮತ್ತು ಕೆನಡಾದ ಎರಡು ದೊಡ್ಡ ಅಧ್ಯಯನಗಳಲ್ಲಿ, ವಾಂತಿಭೇದಿಯಿಂದ ಆಸ್ಪತ್ರೆಗೆ ಬಂದ ಮಕ್ಕಳಿಗೆ ಲ್ಯಾಕ್ಟೋಬ್ಯಾಸಿಲಸ್ ಕೊಟ್ಟಾಗ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಆದ್ದರಿಂದ ಮಗುವಿಗೆ ಭೇದಿಯಾದಾಗ ಪ್ರೊಬಯಾಟಿಕ್ ಪೊಟ್ಟಣವನ್ನು ನೆಚ್ಚಿ ಓಆರ್‌ಎಸ್ ದ್ರಾವಣವನ್ನು ಮರೆಯುವುದು ದೊಡ್ಡ ತಪ್ಪು. ಜೀವ ಉಳಿಸುವುದು ನೀರು ಮತ್ತು ಲವಣ. ವಿಶ್ವ ಆರೋಗ್ಯ ಸಂಸ್ಥೆ ಅದರೊಡನೆ ಸತುವಿನ ಮಾತ್ರೆಯನ್ನೂ ಸಲಹೆ ಮಾಡಿದೆ. ಎದೆಹಾಲನ್ನು ನಿಲ್ಲಿಸಲೇಬಾರದು.

ಅಪಾಯದ ಮುಖವೂ ಇದೆ. ಜಠರದ ಆಮ್ಲ ನಮ್ಮ ವೈರಿಯಲ್ಲ. ಅದು ಹೊರಗಿನ ಜೀವಾಣುಗಳನ್ನು ತಡೆಯುವ ಕಾವಲುಗಾರ. ನೆದರ್‌ಲ್ಯಾಂಡ್ಸ್‌ನಲ್ಲಿ ಮೇದೋಜೀರಕ ಗ್ರಂಥಿಯ ತೀವ್ರ ಉರಿಯೂತದ ರೋಗಿಗಳಿಗೆ ನಳಿಕೆಯ ಮೂಲಕ, ಜಠರವನ್ನು ದಾಟಿಸಿ, ನೇರವಾಗಿ ಸಣ್ಣ ಕರುಳಿಗೇ ಪ್ರೊಬಯಾಟಿಕ್ ಕೊಟ್ಟ ಅಧ್ಯಯನವೊಂದು 2008ರಲ್ಲಿ ‘ಲಾನ್ಸೆಟ್’ನಲ್ಲಿ ಪ್ರಕಟವಾಯಿತು. ಪ್ರೊಬಯಾಟಿಕ್ ಪಡೆದ 152 ಮಂದಿಯಲ್ಲಿ 24 ಜನ ಸತ್ತರು; ಪಡೆಯದ 144 ಮಂದಿಯಲ್ಲಿ ಸತ್ತವರು 9. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಇವನ್ನು ಕೊಟ್ಟರೆ ಗಂಭೀರ ಸೋಂಕು ಉಂಟಾಗಬಹುದೆಂದು ಅಮೆರಿಕದ ಎಫ್‌ಡಿಎ 2023ರಲ್ಲಿ ವೈದ್ಯರನ್ನು ಎಚ್ಚರಿಸಿತು. ಆರೋಗ್ಯವಂತರಿಗೆ ನಿರಪಾಯಕಾರಿಯಾದದ್ದು ತೀರ ಅಶಕ್ತರಿಗೆ ಹಾಗಿರಬೇಕೆಂದಿಲ್ಲ.

ನೀವು ಗಮನಿಸಬೇಕಾದದ್ದು

1. ಪುಡಿಯನ್ನು ಬಿಸಿ ಹಾಲು, ಬಿಸಿ ಗಂಜಿ, ಕಾಫಿಗೆ ಬೆರೆಸಬೇಡಿ. ತಣ್ಣನೆಯ ಅಥವಾ ಉಗುರುಬೆಚ್ಚಗಿನ ನೀರು, ಹಾಲು ಸಾಕು. ಕದಡಿದ ಕೂಡಲೇ ಕುಡಿಸಿ.

2. ‘ಶೀತಲ ಜಾಗದಲ್ಲಿಡಿ’ ಎಂದು ಬರೆದಿದ್ದರೆ ಫ್ರಿಜ್ಜಿನಲ್ಲೇ ಇಡಿ. ಅಂಗಡಿಯವರೂ ಹಾಗೆ ಇಟ್ಟಿದ್ದರೇ ಎಂದು ಕೇಳಿ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ.

3. ಒದ್ದೆ ಚಮಚ ಹಾಕಬೇಡಿ, ಮುಚ್ಚಳ ತೆರೆದಿಡಬೇಡಿ. ಡಬ್ಬಿಯೊಳಗಿನ ತೇವ ಹೀರುವ ಪೊಟ್ಟಣವನ್ನು ಎಸೆಯಬೇಡಿ.

4. ಆಮ್ಲ ತಡೆಯುವ ಲೇಪನವಿರುವ ಕ್ಯಾಪ್ಸೂಲನ್ನು ಅಗಿಯಬೇಡಿ, ಬಿಡಿಸಬೇಡಿ. ನುಂಗಲಾಗದಿದ್ದರೆ ಬಿಡಿಸಬಹುದೇ ಎಂದು ವೈದ್ಯರನ್ನು ಕೇಳಿ.

5. ಲೇಬಲ್ಲಿನಲ್ಲಿ ಜಾತಿ, ಪ್ರಭೇದ, ತಳಿ ಮೂರೂ ಇರಬೇಕು. ಬಳಕೆಯ ಅವಧಿ ಮುಗಿಯುವಾಗ ಎಷ್ಟು ಜೀವಂತವಾಗಿರುತ್ತವೆ ಎಂಬ ಸಂಖ್ಯೆ ಮುಖ್ಯ. ತಯಾರಿಸಿದ ದಿನದ ಸಂಖ್ಯೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2011ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ.

6. ಆಂಟಿಬಯಾಟಿಕ್ ಮತ್ತು ಪ್ರೊಬಯಾಟಿಕ್ ನಡುವೆ ಸುಮಾರು ಎರಡು ಗಂಟೆಯ ಅಂತರವಿರಲಿ.

7. ಲೇಬಲ್ಲಿನಲ್ಲಿ ಬೇರೆ ಸೂಚನೆ ಇಲ್ಲದಿದ್ದರೆ ಊಟದ ಜೊತೆಗೆ ಅಥವಾ ಊಟಕ್ಕೆ ಸ್ವಲ್ಪ ಮುಂಚೆ ತೆಗೆದುಕೊಳ್ಳಿ. ಆಹಾರ ಜಠರದ ಹುಳಿಯನ್ನು ತಗ್ಗಿಸುತ್ತದೆ. ಕೃತಕ ಜಠರದ ಮಾದರಿಯಲ್ಲಿ ನಡೆದ ಪರೀಕ್ಷೆಯಲ್ಲಿ, ಊಟವಾದ ಅರ್ಧ ಗಂಟೆಯ ಮೇಲೆ ಕೊಟ್ಟವು ಕಡಿಮೆ ಉಳಿದದ್ದು ಕಂಡುಬಂದಿದೆ.

8. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಅಂಗ ಕಸಿ ಮಾಡಿಸಿಕೊಂಡವರು, ರೋಗನಿರೋಧಕ ಶಕ್ತಿ ಕುಂದಿದವರು, ದೊಡ್ಡ ರಕ್ತನಾಳದಲ್ಲಿ ನಳಿಕೆ ಹಾಕಿಸಿಕೊಂಡವರು, ಅವಧಿಗೆ ಮುನ್ನ ಹುಟ್ಟಿದ ಶಿಶುಗಳು: ಇವರಿಗೆ ವೈದ್ಯರ ಸಲಹೆಯಿಲ್ಲದೆ ಯಾವ ಪ್ರೊಬಯಾಟಿಕ್ಕೂ ಬೇಡ.

9. ಭೇದಿಯಲ್ಲಿ ರಕ್ತ, ತೀವ್ರ ಜ್ವರ, ಮೂತ್ರ ಕಡಿಮೆಯಾಗುವುದು, ಮಗು ಮಂಕಾಗುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಕವಚ ತೊಡಿಸುವ ಕೆಲಸವನ್ನು ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಮಾಡುತ್ತಾರೆ. ಆದರೆ ಕಾರ್ಖಾನೆಯಿಂದ ಕರುಳಿನವರೆಗಿನ ದಾರಿಯಲ್ಲಿ ಕೊನೆಯ ಕೆಲವು ಹೆಜ್ಜೆ ನಿಮ್ಮ ಅಡುಗೆಮನೆಯಲ್ಲೇ ಇದೆ. ಮುಂದಿನ ಬಾರಿ ಆ ಪುಟ್ಟ ಪೊಟ್ಟಣವನ್ನು ಹರಿಯುವ ಮುನ್ನ ಹಾಲಿನ ಲೋಟವನ್ನೊಮ್ಮೆ ಮುಟ್ಟಿ ನೋಡಿ. ಹೆಪ್ಪು ಹಾಕುವಷ್ಟು ತಣಿದಿದ್ದರೆ ಮಾತ್ರ ಬೆರೆಸಿ.